ಬನ್ನಿನ ಆಚೆ ಬದಿ ಕೂತವರು

"ಕಾರ್ಡು ಕೊಡು, ತೂವಾ," ಅಂದ ಬೆರ್ಟಿಲ್.

ತೂವಾ ಹೆಡಿನ್ ಕುತ್ತಿಗೆಯಿಂದ ನೀಲಿ ದಾರ ಬಿಚ್ಚಿ ಮೇಜಿನ ಮೇಲಿಟ್ಟಳು. ದಾರದ ತುದಿಯ ಕಾರ್ಡಿನಲ್ಲಿ ಅವಳ ಫೋಟೊ. ಅದರಲ್ಲಿ ಅವಳು ನಗುತ್ತಿದ್ದಳು. ಒಂದು ವಾರದಿಂದ ಅವಳು ನಗುತ್ತಿದ್ದದ್ದು ಅಲ್ಲಿ ಮಾತ್ರ.

ಬೆರ್ಟಿಲ್ ಕ್ರೂನ್ ನಮ್ಮ ವಿಭಾಗದ ಮುಖ್ಯಸ್ಥ. ಕಾರ್ಡನ್ನು ಕೋಟಿನ ಜೇಬಿಗೆ ಇಳಿಸಿ, ಜೇಬನ್ನು ಮೇಲಿನಿಂದ ಮೆಲ್ಲಗೆ ತಟ್ಟಿದ. ಮಗುವನ್ನು ಮಲಗಿಸಿದವನ ಹಾಗೆ ಉಸಿರು ಬಿಟ್ಟ.

"ಇನ್ನು ನಿನಗೆ ಒಂದು ಬಾಗಿಲೂ ತೆರೆಯಲ್ಲ. ಗೇಟಿನಿಂದ ಹೊರಗೆ ಹೋಗೋಕೂ ಕಾರ್ಡು ಬೇಕಲ್ಲ, ಸಂಜೆ ನಾನೇ ಬಂದು ದಾಟಿಸ್ತೀನಿ."

"ಆಮೇಲೆ?"

"ಆಮೇಲೆ ಬರಬೇಡ."

"ಬೆರ್ಟಿಲ್, ನಾನು ಆ ವರದಿ ಯಾರಿಗೂ ಕೊಟ್ಟಿಲ್ಲ. ನೀನು ಮೊದಲು ಅದನ್ನ ನಂಬು."

"ಕೊಟ್ಟವರು ಯಾರಾದರೂ ಕೊಟ್ಟೆ ಅಂತಾರಾ? ಹೇಳು ನೋಡೋಣ."

ನಮ್ಮ ದೇಶದಲ್ಲಿ ಮೇಲಧಿಕಾರಿಗೂ ಏಕವಚನವೇ. ಕೆಲಸದಿಂದ ಕಿತ್ತುಹಾಕುವ ಹೊತ್ತಿನಲ್ಲೂ ಆ ಸಲಿಗೆಗೆ ಕೊರತೆಯಿಲ್ಲ.

ವಿಷಯ ಇಷ್ಟು: ಮೂಟಾಲಾದ ನಮ್ಮ ಕಾರ್ಖಾನೆ ವಿಮಾನದ ಸರಕು ಬಾಗಿಲಿಗೆ ಚಿಲಕ ಮಾಡುತ್ತದೆ, ಕಡುಚಳಿಯಲ್ಲಿ ಬಿರಿಯುತ್ತಿದ್ದ ಚಿಲಕದ ಕೊಕ್ಕೆಗೆ ತೂವಾ ಒಂದು ಮದ್ದು ಕಂಡುಹಿಡಿದಳು, ನಾವು ಪೇಟೆಂಟ್ ಕೇಳುವ ಮೊದಲೇ ತುಲೂಸಿನ ಪಾಲುದಾರರು ಅದನ್ನು ತಮ್ಮದೆಂದು ಹಲಗೆಯ ಮೇಲೆ ಬರೆದು ತೋರಿಸಿದರು.

ಮೂಲೆಯಲ್ಲಿ ನಿಂತಿದ್ದ ಪತ್ತೇದಾರ ಎಬ್ಬೆ ಗ್ರಿಪ್ ಕೈಯಲ್ಲಿದ್ದ ಬಿಸಿನೀರನ್ನು ಊದಿ ಊದಿ ಕುಡಿಯುತ್ತಿದ್ದ. ಬರೀ ಬಿಸಿನೀರು. ಸ್ಟಾಕ್‌ಹೋಮಿನಿಂದ ಬಂದ ದಿನವೇ "ಹೊಟ್ಟೆಗೆ ಆಗಲ್ಲ, ಕಾಫಿ ಬೇಡ" ಅಂದಿದ್ದ. ಆವತ್ತಿನಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಕಂಡರೆ ಧ್ವನಿ ತಗ್ಗಿಸುತ್ತಿದ್ದರು. ಹೆದರಿಕೆಯಿಂದ ಅಲ್ಲ, ಮರುಕದಿಂದ.

"ಗ್ರಿಪ್, ನಿನಗೂ ಸಂಜೆಯವರೆಗೇ ಸಮಯ," ಅಂದ ಬೆರ್ಟಿಲ್. "ಒಂದು ವಾರ ಆಯ್ತು. ಏನು ಸಿಕ್ಕಿತು?"

"ವರದಿಯ ಪ್ರತಿ ಒಂದೇ. ಅದು ತಿಜೋರಿಯಲ್ಲಿದೆ. ತಿಜೋರಿಯನ್ನ ಯಾರೂ ಮುಟ್ಟಿಲ್ಲ."

"ಅಂದರೆ ಬರೆದವಳೇ ಬಾಯಿಬಿಟ್ಟಿದ್ದಾಳೆ. ಇದಕ್ಕೆ ಪತ್ತೇದಾರ ಯಾಕೆ ಬೇಕಿತ್ತು ನನಗೆ?"

ತೂವಾ ಎದ್ದು ಹೊರಟಳು. ಬಾಗಿಲ ಬಳಿ ನಿಂತು ನನ್ನ ಕಡೆ ತಿರುಗಿದಳು.

"ಮೈಕೆನ್, ಮೂರು ದೇಶದಲ್ಲಿ ವಿಮಾನದ ಕೆಲಸ ಮಾಡೋರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಾಳೆ ಬೆಳಿಗ್ಗೆ ಹ್ಯಾಂಬರ್ಗಿನಲ್ಲಿ ನನ್ನ ಹೆಸರಿಗೆ ಮೂಗು ಮುರೀತಾರೆ. ನಾನು ಬೇರೆ ಯಾವ ಕೆಲಸ ಮಾಡಲಿ? ಕೊಕ್ಕೆ ಬಿಟ್ಟರೆ ನನಗೇನೂ ಬರಲ್ಲ ಕಣೇ."

ಅವಳು ಬಾಗಿಲು ನೂಕಿದಳು. ಅದು ತೆರೆಯಲಿಲ್ಲ. ಬೆರ್ಟಿಲ್ ಎದ್ದು ತನ್ನ ಕಾರ್ಡು ತೋರಿಸಿ ತೆರೆಯಬೇಕಾಯಿತು.

*

ನಾನು ಮೈಕೆನ್. ಕಾರ್ಖಾನೆಯ ಗ್ರಂಥಾಲಯ ನನ್ನದು. ಗ್ರಿಪ್‌ಗೆ ದಾರಿ ತೋರಿಸುವ ಕೆಲಸವನ್ನು ನನಗೇ ವಹಿಸಿದ್ದರು. ಬೇರೆಲ್ಲರಿಗೂ ಕೆಲಸವಿತ್ತು.

"ಇಲ್ಲಿ ಎಷ್ಟು ವರದಿಗಳಿವೆ?" ಅಂತ ಕಪಾಟುಗಳ ನಡುವೆ ನಿಂತು ಕೇಳಿದ ಗ್ರಿಪ್.

"ಮೂವತ್ತು ವರ್ಷದ್ದು."

"ಯಾರು ಓದ್ತಾರೆ?"

"ನಾನು ಒಮ್ಮೊಮ್ಮೆ. ಮಳೆ ಬಂದಾಗ."

ಅವನು ನಂಬಲಿಲ್ಲ. ಗ್ರಿಪ್‌ನದು ಕಾಗದವನ್ನು ನಂಬುವ ಜಾತಿ. ವಾರವಿಡೀ ಕಪಾಟುಗಳಿಗೆ ಅಂಟುಪಟ್ಟಿ ಹಚ್ಚಿ, ಬೆರಳಚ್ಚಿನ ಪುಡಿ ಉದುರಿಸಿ, ನನ್ನ ಗ್ರಂಥಾಲಯವನ್ನು ಬೇಕರಿ ಮಾಡಿಟ್ಟಿದ್ದ. ಸಿಕ್ಕ ಬೆರಳಚ್ಚುಗಳೆಲ್ಲ ನನ್ನವು. ಒಂದು ಮಾತ್ರ ಬೇರೆ ಇತ್ತು. ಅವನು ಅದರ ಹಿಂದೆ ಎರಡು ದಿನ ಓಡಾಡಿದ. ಕೊನೆಗೆ ಅದು ಅವನದೇ ಆಗಿತ್ತು.

"ಗ್ರಿಪ್, ನಿನಗೊಂದು ಮಾತು ಹೇಳಲಾ? ಈ ಕಾರ್ಖಾನೆಯಲ್ಲಿ ಗುಟ್ಟು ಬಚ್ಚಿಡೋಕೆ ತಿಜೋರಿ ಬೇಕಾಗಿರಲಿಲ್ಲ. ಇಲ್ಲಿ ತಂದಿಟ್ಟಿದ್ದರೆ ಸಾಕಿತ್ತು. ಎಂಜಿನಿಯರುಗಳು ಓದಲ್ಲ. ಕೇಳ್ತಾರೆ."

"ಯಾರನ್ನ?"

"ಗೊತ್ತಿರೋರನ್ನ. ಕೊಕ್ಕೆ ಬಗ್ಗೆ ಅನುಮಾನ ಬಂದರೆ ಸಿಕ್ಸ್ಟೆನ್ ಹತ್ತಿರ ಹೋಗ್ತಾರೆ, ಬಣ್ಣದ ಬಗ್ಗೆ ಬಂದರೆ ಕೆಳಗಿನ ಮಹಡಿಗೆ. ಮುಗೀತು."

"ಹಾಗಾದರೆ ವರದಿ ಯಾಕೆ ಬರೀತಾರೆ?"

"ಹ್ಯಾಂಬರ್ಗಿನವರಿಗಾಗಿ. ಅವರು ಪ್ರತಿ ಸಾಲಿಗೂ ಸಂಖ್ಯೆ ಹಾಕಿದ ಕಾಗದ ಕೇಳ್ತಾರೆ. ಕಳಿಸಿದ ಮೇಲೆ ಫೋನು ಮಾಡಿ, ಏನು ಬರೆದಿದ್ದೀರಿ ಅಂತ ಕೇಳ್ತಾರೆ."

ಗ್ರಿಪ್ ಸ್ವಲ್ಪ ಹೊತ್ತು ಬಿಸಿನೀರನ್ನೇ ದಿಟ್ಟಿಸಿದ. ಆಮೇಲೆ ತುಲೂಸಿನವರ ಹಲಗೆಯ ಫೋಟೊ ತೆಗೆದು ನನ್ನ ಮುಂದೆ ಇಟ್ಟ. ಪಕ್ಕದಲ್ಲಿ ತೂವಾಳ ವರದಿಯ ಚಿತ್ರ, ತಿಜೋರಿಯ ಮುಂದೆಯೇ ಅವನು ಫೋಟೊ ತೆಗೆದುಕೊಂಡದ್ದು.

ಎರಡರಲ್ಲೂ ಅದೇ ಕೊಕ್ಕೆ, ಸೊಂಟಕ್ಕೆ ಕೈಯಿಟ್ಟು ನಿಂತ ಮನುಷ್ಯನ ಹಾಗೆ. ಎರಡರಲ್ಲೂ ಅದೇ ಮದ್ದು: ಕೊಕ್ಕೆಯ ಭುಜದಲ್ಲಿ ಅರ್ಧಚಂದ್ರದಂಥ ಒಂದು ಕಚ್ಚು. ಲೋಹ ಚಳಿಗೆ ಮುದುಡಿದಾಗ ಒತ್ತಡ ಅಲ್ಲಿ ಸಡಿಲಾಗುತ್ತದೆ, ಕೊಕ್ಕೆ ಬಿರಿಯುವುದಿಲ್ಲ.

ತೂವಾಳ ಚಿತ್ರದಲ್ಲಿ ಕಚ್ಚು ಬಲ ಭುಜಕ್ಕಿದೆ. ತುಲೂಸಿನ ಹಲಗೆಯಲ್ಲಿ ಎಡ ಭುಜಕ್ಕೆ.

"ಕದ್ದವನು ಗುರುತು ಸಿಗದಿರಲಿ ಅಂತ ಬದಲಾಯಿಸಿದ್ದಾನೆ ಅಂತಾನೆ ಬೆರ್ಟಿಲ್," ಅಂದ ಗ್ರಿಪ್.

"ಎಡಕ್ಕೆ ಹಾಕಿದರೆ ಕೊಕ್ಕೆ ಮೊದಲ ಚಳಿಗೇ ಬಿರಿಯುತ್ತೆ ಅಂತಾಳೆ ತೂವಾ. ಕದ್ದವನು ಕೆಲಸ ಕೆಡಿಸಿಕೊಳ್ಳೋಕೆ ಕದೀತಾನಾ?"

ಗ್ರಿಪ್ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ.

"ತುಲೂಸಿಗೆ ಫೋನು ಮಾಡು," ಅಂದ.

*

ಫಾಬ್ರಿಸ್ ಲಕೋಂಬ್ ಹಲಗೆಯ ಮೇಲೆ ಆ ಚಿತ್ರ ಬರೆದವನು. ಫೋನಿನಲ್ಲಿ ಅವನ ಧ್ವನಿ ಬೆಣ್ಣೆ ಸವರಿದ ಹಾಗಿತ್ತು. ನನ್ನ ಫ್ರೆಂಚ್ ಗ್ರಂಥಾಲಯದ ಫ್ರೆಂಚ್, ಆದರೆ ಕೆಲಸಕ್ಕೆ ಸಾಕು.

"ಮೇಡಂ, ತಾವು ಕೇಳುತ್ತಿರುವುದು ತುಂಬ ಸೂಕ್ಷ್ಮ ವಿಷಯ. ದಯವಿಟ್ಟು ತಮ್ಮ ನಿರ್ದೇಶಕರು ನಮ್ಮ ನಿರ್ದೇಶಕರಿಗೆ ಬರೆಯಲಿ. ಅವರು ನನ್ನ ಮೇಲಿನವರಿಗೆ ಹೇಳುತ್ತಾರೆ. ಅವರು ನನಗೆ ಹೇಳುತ್ತಾರೆ. ಆಗ ನಾನು ತಮಗೆ ಉತ್ತರ ಕೊಡಲು ಅಪ್ಪಣೆ ಕೇಳುತ್ತೇನೆ."

"ಅಷ್ಟರಲ್ಲಿ ಎಷ್ಟು ದಿನ ಆಗಬಹುದು?"

"ಆಗಸ್ಟ್ ಬಂದರೆ ಎಲ್ಲರೂ ರಜೆ, ಮೇಡಂ."

ಗ್ರಿಪ್ ನನ್ನ ಕೈಯಿಂದ ಫೋನು ಕಸಿಯಲು ಬಂದ. ನಾನು ಅವನನ್ನು ದೂರ ತಳ್ಳಿ ಕೇಳಿದೆ: "ಫಾಬ್ರಿಸ್ ಅವರೇ, ಆ ಚಿತ್ರ ಬರೆದ ದಿನ ಊಟಕ್ಕೆ ಏನಿತ್ತು?"

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಅವನ ಧ್ವನಿಯೇ ಬೇರೆಯಾಯಿತು.

"ಅಯ್ಯೋ, ಅದನ್ನ ಕೇಳಬೇಡಿ! ಬಾತುಕೋಳಿ. ಬೀನ್ಸಿನ ಜೊತೆ. ಎರಡು ಗಂಟೆ ಕೂತಿದ್ದೆವು. ಯಾರೋ ಒಳ್ಳೆ ವೈನ್ ತಂದಿದ್ದರು, ಮೇಡಂ, ಅಂಥ ವೈನ್ ನಾನು ಮದುವೆಯಲ್ಲೂ ಕುಡಿದಿರಲಿಲ್ಲ. ಚೀಸ್ ಬಂದ ಮೇಲೆ ಕೊಕ್ಕೆಯ ಮಾತು ಬಂತು. ಅವರೇ ಮೇಜಿನ ಮೇಲಿನ ಕಾಗದದ ಹಾಸಿನ ಮೇಲೆ ಗೀಚಿ ತೋರಿಸಿದರು."

"ಅವರು ಅಂದರೆ?"

"ವೈನ್ ತಂದವರು."

"ಅವರ ಹೆಸರು?"

"ಹೆಸರು..." ಫಾಬ್ರಿಸ್ ಯೋಚಿಸಿದ. "ನಮ್ಮ ನಿರ್ದೇಶಕರ ಪೈಕಿ ಯಾರೋ ಅಂದುಕೊಂಡೆ. ನಿರ್ದೇಶಕರು ನನ್ನ ಪೈಕಿ ಅಂದುಕೊಂಡರಂತೆ. ಅಂಥ ವೈನ್ ತಂದವರನ್ನ ನೀವ್ಯಾರು ಅಂತ ಕೇಳೋದು ಹೇಗೆ, ಮೇಡಂ?"

"ಆ ಕಾಗದದ ಹಾಸು ಎಲ್ಲಿದೆ?"

"ಅದರ ಮೇಲೆ ಸಾರು ಚೆಲ್ಲಿತು. ಮಾಣಿ ಎತ್ತಿಕೊಂಡು ಹೋದ. ನಾನು ನೆನಪಿನಿಂದ ಹಲಗೆಗೆ ಬರೆದೆ. ನನಗಿಷ್ಟೇ ಗೊತ್ತು. ಇದನ್ನ ನಾನು ಹೇಳಿಲ್ಲ." ಫೋನು ಇಟ್ಟುಬಿಟ್ಟ.

ನಾನು ಎಲ್ಲವನ್ನೂ ಗ್ರಿಪ್‌ಗೆ ಒಪ್ಪಿಸಿದೆ. ಅವನು ಕಿಟಕಿಯ ಬಳಿ ಹೋಗಿ ನಿಂತ. ಹೊರಗೆ ವೆಟ್ಟರ್ನ್ ಸರೋವರ ತವರದ ತಟ್ಟೆಯ ಹಾಗೆ ಮಿನುಗುತ್ತಿತ್ತು.

"ಅಲ್ಲ ಮೈಕೆನ್, ಊಟದ ವಿಷಯ ಕೇಳಬೇಕು ಅಂತ ನಿನಗೆ ಹೇಗೆ ಹೊಳೀತು?"

"ಅವರು ಎಲ್ಲ ಹೇಳೋದು ಊಟಕ್ಕೆ ಕೂತಾಗ. ಆಫೀಸಿನ ಧ್ವನಿ ಬಿಡಿಸಬೇಕಾದರೆ ಊಟ ನೆನಪಿಸಬೇಕು."

"ಹಾಗಾದರೆ ಇಲ್ಲಿಯವರು? ಇವರು ಯಾವಾಗ ಹೇಳ್ತಾರೆ?"

ಅವನ ಕೈಯಲ್ಲಿದ್ದ ಬಿಸಿನೀರಿನ ಲೋಟವನ್ನು ತೆಗೆದು ನಾನು ಹೂವಿನ ಕುಂಡಕ್ಕೆ ಸುರಿದೆ.

"ಫೀಕಾದಲ್ಲಿ," ಅಂದೆ. "ದಿನಕ್ಕೆರಡು ಸಲ ನಾವೆಲ್ಲ ಕೆಲಸ ಬಿಟ್ಟು ಕಾಫಿಗೆ ಕೂರ್ತೀವಲ್ಲ, ಅಲ್ಲಿ. ನೀನು ಒಂದು ವಾರದಿಂದ ಅಲ್ಲಿಗೆ ಬಂದಿಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಕೋಣೆಗೆ ಕರೆಸಿ, ಬಾಗಿಲು ಹಾಕಿ ಕೇಳಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ನಮ್ಮವರು ಹೆಂಡತಿಯ ಹೆಸರೂ ಹೇಳಲ್ಲ ಮಾರಾಯ."

"ಅಂದರೆ ನಾನು..."

"ಕಾಫಿ ಕುಡೀಬೇಕು."

ಗ್ರಿಪ್ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಯುದ್ಧಕ್ಕೆ ಹೊರಟವನು ಮನೆಯವರ ಫೋಟೊ ಮುಟ್ಟಿ ನೋಡುವ ಹಾಗೆ.

*

ಫೀಕಾ ಕೋಣೆಯಲ್ಲಿ ಆಗಲೇ ಎಲ್ಲರೂ ಕೂತಿದ್ದರು. ಉದ್ದನೆಯ ಮೇಜು, ಗೋಡೆಯಲ್ಲಿ ಕಪ್ಪುಗಳ ಸಾಲು, ಮಧ್ಯದಲ್ಲಿ ದಾಲ್ಚಿನ್ನಿ ಬನ್ನಿನ ಬುಟ್ಟಿ. ಇವತ್ತು ಅದರ ಪಕ್ಕ ಒಂದು ಕೇಕು ಬೇರೆ: ಹಸಿರು ಬಾದಾಮಿ ಹೊದಿಕೆ, ನೆತ್ತಿಯಲ್ಲಿ ಒಂದು ಗುಲಾಬಿ. ಕೇಕು ಕಂಡರೆ ನಮ್ಮವರ ಮುಖದಲ್ಲಿ ಒಂಥರಾ ಭಕ್ತಿ ಬರುತ್ತದೆ. ಅದು ಎಲ್ಲರ ಮುಖದಲ್ಲೂ ಇತ್ತು, ತೂವಾಳ ಮುಖ ಬಿಟ್ಟು.

ಅವಳು ತನ್ನ ಯಾವಾಗಿನ ಜಾಗದಲ್ಲೇ ಇದ್ದಳು. ನಮ್ಮಲ್ಲಿ ಯಾರೂ ಕುರ್ಚಿಗೆ ಹೆಸರು ಬರೆದಿಲ್ಲ, ಆದರೆ ಯಾರೂ ಇನ್ನೊಬ್ಬರ ಕುರ್ಚಿಯಲ್ಲಿ ಕೂರುವುದಿಲ್ಲ.

ಗ್ರಿಪ್ ಒಳಗೆ ಬಂದೊಡನೆ ಮಾತು ನಿಂತಿತು. ಗ್ರಿಪ್ ಗಂಟಲು ಸರಿಮಾಡಿಕೊಂಡ.

"ನನಗೂ ಒಂದು ಕಪ್ಪು ಕಾಫಿ ಸಿಗತ್ತಾ?"

ಯಾರೋ ಉಸಿರೆಳೆದುಕೊಂಡರು. ಮೇಜಿನ ಆ ಕಡೆ ಇದ್ದ ಬೂದು ಸ್ವೆಟರಿನವರೊಬ್ಬರು ತಕ್ಷಣ ಎದ್ದು, ಕಪ್ಪು ತೆಗೆದು, ತುಂಬ ಕಾಫಿ ಸುರಿದು ಅವನ ಮುಂದಿಟ್ಟರು. ನನಗೂ ಅವರೇ ಒಂದು ತಟ್ಟೆಯಲ್ಲಿ ಕೇಕು ತಂದುಕೊಟ್ಟರು. ಒಳ್ಳೆ ದೊಡ್ಡ ತುಂಡು. ಈತ ಗ್ರಿಪ್‌ನ ಸಹಾಯಕ ಇರಬೇಕು, ಸ್ಟಾಕ್‌ಹೋಮಿನಿಂದ ಕೊನೆಗೂ ಬಂದನಲ್ಲ, ಅದೂ ಕೆಲಸಕ್ಕೆ ಬರುವವನು, ಅಂದುಕೊಂಡೆ.

ಗ್ರಿಪ್ ಒಂದು ಗುಟುಕು ಕುಡಿದ. ಮುಖ ಹಿಂಡಿತು. ಇನ್ನೊಂದು ಗುಟುಕು ಕುಡಿದ.

"ಹೇಗಿದೆ?" ಅಂದ ಮುದುಕ ಸಿಕ್ಸ್ಟೆನ್. ನಲವತ್ತು ವರ್ಷದಿಂದ ಲೋಹ ಎಲ್ಲಿ ಬಿರಿಯುತ್ತದೆ ಅಂತ ನೋಡುವುದೇ ಅವನ ಕೆಲಸ. ಈಗ ಗ್ರಿಪ್‌ನನ್ನೂ ಅದೇ ದೃಷ್ಟಿಯಿಂದ ನೋಡುತ್ತಿದ್ದ.

"ಚೆನ್ನಾಗಿದೆ," ಅಂದ ಗ್ರಿಪ್, ಕಣ್ಣಲ್ಲಿ ನೀರು ತುಂಬಿಕೊಂಡು.

ಅಷ್ಟೇ ಸಾಕಾಯಿತು. ಕೋಣೆ ಸಡಿಲವಾಯಿತು. ಒಬ್ಬ ಅವನಿಗೆ ಸಕ್ಕರೆ ತಳ್ಳಿದ, ಇನ್ನೊಬ್ಬಳು ಹಾಲು. ಸಿಕ್ಸ್ಟೆನ್ ಅವನ ಬೆನ್ನು ತಟ್ಟಿ, "ನೀನು ಮೊದಲ ದಿನವೇ ಬಂದಿದ್ದರೆ ಇಷ್ಟೊತ್ತಿಗೆ ಮನೆಗೆ ಹೋಗಿರ್ತಿದ್ದೆಯಲ್ಲೋ," ಅಂದ.

"ಏನು ಹೇಳ್ತಿದ್ದಿರಿ ಮೊದಲ ದಿನ ಬಂದಿದ್ದರೆ?"

"ತೂವಾ ಕೊಕ್ಕೆಯ ವಿಷಯ ಇಲ್ಲೇ ತೋರಿಸಿದಳು ಅಂತ. ವರದಿ ಬರೆಯೋದಕ್ಕೂ ಮೊದಲು. ಬನ್ನು, ಚಮಚ, ಸಕ್ಕರೆ ಇಟ್ಟುಕೊಂಡು."

ಬೆರ್ಟಿಲ್ ಕೇಕು ಅಗಿಯುವುದನ್ನು ನಿಲ್ಲಿಸಿದ. "ಏನಂದೆ? ಇಲ್ಲಿ? ಎಲ್ಲರ ಮುಂದೆ?"

"ಮತ್ತೆಲ್ಲಿ ತೋರಿಸೋದು?" ಅಂದಳು ತೂವಾ. "ನೀನೂ ಕೊಕ್ಕೆ ಪರೀಕ್ಷೆಯ ಚಳಿಯಂತ್ರದ ಖರ್ಚು ಎಲ್ಲಾ ಇಲ್ಲೇ ಅಲ್ವಾ ಹೇಳೋದು?"

"ಅದು ಬೇರೆ."

"ಹೇಗೆ ಬೇರೆ?"

"ಅದನ್ನ ಯಾರೂ ಕದಿಯಲ್ಲ!"

ಗ್ರಿಪ್ ಕೈ ಎತ್ತಿದ. ಕಾಫಿ ಅವನಿಗೆ ತಲೆಗೇರಿತ್ತು. ಕೆನ್ನೆ ಕೆಂಪಾಗಿ, ಮಾತಿನ ವೇಗ ಹೆಚ್ಚಿ, ಬೇರೆಯೇ ಮನುಷ್ಯನ ಹಾಗಿದ್ದ.

"ತೂವಾ, ಅವತ್ತು ತೋರಿಸಿದ್ದನ್ನ ಇನ್ನೊಂದು ಸಲ ತೋರಿಸು. ಹಾಗೇ. ಅದೇ ಜಾಗದಲ್ಲಿ."

ತೂವಾ ಒಂದು ಬನ್ನು ತೆಗೆದುಕೊಂಡು ತಟ್ಟೆಯ ಮಧ್ಯೆ ಇಟ್ಟಳು. ಚಮಚದ ಹಿಡಿ ಬನ್ನಿಗೆ ಚುಚ್ಚಿ ನೆಟ್ಟಗೆ ನಿಲ್ಲಿಸಿದಳು. ಕೇಕಿನ ಕೆನೆ ಸವರಿ, ತನ್ನ ಬಲಗಡೆಗೆ ಬರುವ ಹಾಗೆ ಒಂದು ಸಕ್ಕರೆ ಹರಳನ್ನು ಚಮಚದ ಭುಜಕ್ಕೆ ಅಂಟಿಸಿದಳು.

"ಚಮಚ ಕೊಕ್ಕೆ. ಬನ್ನು ಬಾಗಿಲು. ಹರಳು ಇರೋ ಕಡೆ ಕಚ್ಚು. ಚಳಿಗೆ ಲೋಹ ಈ ಕಡೆ ಎಳೆದುಕೊಳ್ಳುತ್ತೆ," ಅವಳ ಬೆರಳು ಚಮಚವನ್ನು ಹಗುರಾಗಿ ವಾಲಿಸಿತು, "ಕಚ್ಚು ಮುಚ್ಚಿಕೊಳ್ಳುತ್ತೆ. ಬಿರಿಯಲ್ಲ. ಇಷ್ಟೇ ಅವತ್ತು ಹೇಳಿದ್ದು."

ಗ್ರಿಪ್ ಬಾಯಿ ತೆರೆದ. ಆದರೆ ತೂವಾ ಮುಗಿಸಿರಲಿಲ್ಲ. ಚಮಚ ಕೈಗೆ ಸಿಕ್ಕಿದ ಮೇಲೆ ಅವಳನ್ನು ನಿಲ್ಲಿಸುವವರು ಇಲ್ಲ.

"ಆದರೆ ನಿಜವಾಗಿ ಇದೂ ಸಾಲದು. ಸಾವಿರ ಸಲ ತೆರೆದು ಮುಚ್ಚಿದರೆ ಕಚ್ಚಿನ ಅಂಚು ಸವೆಯುತ್ತೆ. ನಿನ್ನೆ ಬಸ್ಸಿನಲ್ಲಿ ಹೊಳೀತು." ಅವಳು ಪಕ್ಕದ ತಟ್ಟೆಯಿಂದ ಕಿತ್ತಳೆ ಸಿಪ್ಪೆಯ ಒಂದು ತೆಳು ಪಟ್ಟಿ ಹರಿದು ಚಮಚದ ಕುತ್ತಿಗೆಗೆ ಸುತ್ತಿದಳು. "ಇಲ್ಲಿಗೆ ಒಂದು ಮೆತ್ತನೆ ಲೋಹದ ಬಳೆ. ಸವೆದರೆ ಬಳೆ ಸವೆಯಲಿ. ಬಳೆ ಬದಲಾಯಿಸಿದರಾಯ್ತು. ಕೊಕ್ಕೆ ವಿಮಾನದಷ್ಟೇ ದಿನ ಬಾಳುತ್ತೆ."

ಎಲ್ಲರೂ ಮೇಜಿನ ಮೇಲೆ ಬಾಗಿದರು. ಬೆರ್ಟಿಲ್ ಕೂಡ. ಅವಳನ್ನು ಸಂಜೆ ಗೇಟು ದಾಟಿಸಬೇಕಾದವನು ತಾನು ಅನ್ನುವುದು ಅವನಿಗೆ ಮರೆತೇಹೋಗಿತ್ತು.

"ಎಷ್ಟು ದಪ್ಪ ಬೇಕಾಗತ್ತೆ ಬಳೆ?" ಅಂತ ಆ ಕಡೆಯಿಂದ ಒಂದು ಪ್ರಶ್ನೆ ಬಂತು.

"ಉಗುರಿನಷ್ಟು. ಹೆಚ್ಚಾದರೆ ಬಾಗಿಲು ಕೂರಲ್ಲ."

"ಒಳ್ಳೆ ಪ್ರಶ್ನೆ," ಅಂದ ಬೆರ್ಟಿಲ್. "ಯಾವ ಲೋಹ?"

"ಕಂಚು."

"ತೂವಾ, ಇದು... ಇದನ್ನ ಯಾರಿಗಾದರೂ ಹೇಳಿದ್ದೀಯಾ?"

"ಯಾರಿಗೂ ಇಲ್ಲ. ಬರೆದೂ ಇಲ್ಲ. ಇದೇ ಮೊದಲು."

"ಇದು ನಮ್ಮ ಕೈಯಲ್ಲಿದ್ದರೆ ತುಲೂಸಿನವರು ಆ ಕಚ್ಚನ್ನ ಇಟ್ಟುಕೊಂಡು ಏನಾದರೂ ಮಾಡಿಕೊಳ್ಳಲಿ!" ಬೆರ್ಟಿಲ್ ಮೇಜು ಗುದ್ದಿದ. ಚಮಚ ನಡುಗಿತು. ಬಿರಿಯಲಿಲ್ಲ.

ಗ್ರಿಪ್ ಅಷ್ಟರಲ್ಲಿ ಎದ್ದು ಮೇಜನ್ನು ಒಂದು ಸುತ್ತು ಹಾಕಿ ಬಂದಿದ್ದ. ಕೋಣೆಯ ಆ ತುದಿಯಲ್ಲಿ ಯಾರೋ ಕಪ್ಪು ತೊಳೆಯುವ ಸದ್ದು. ಗ್ರಿಪ್ ತೂವಾಳಿಗೆ ಸರಿಯಾಗಿ ಎದುರಿನ ಕುರ್ಚಿಯ ಹಿಂದೆ ನಿಂತು, ಬಗ್ಗಿ, ಬನ್ನನ್ನು ನೋಡಿದ. ಆಮೇಲೆ ನಕ್ಕ. ಅವನು ನಕ್ಕಿದ್ದು ನಾನು ಕಂಡದ್ದು ಅದೇ ಮೊದಲು.

"ಬೆರ್ಟಿಲ್, ಇಲ್ಲಿ ಬಾ."

"ಯಾಕೆ?"

"ಬಾರೋ ಅಂದರೆ. ಇಲ್ಲಿ ನಿಂತು ನೋಡು. ಸಕ್ಕರೆ ಯಾವ ಕಡೆ ಇದೆ?"

ಬೆರ್ಟಿಲ್ ಬಂದು ಬಗ್ಗಿದ. "ಎಡಕ್ಕೆ."

"ತೂವಾ, ನಿನಗೆ?"

"ಬಲಕ್ಕೆ."

ಬೆರ್ಟಿಲ್ ಇನ್ನೊಮ್ಮೆ ಬಗ್ಗಿ ನೋಡಿದ.

"ವರದಿ ಕದ್ದಿದ್ದರೆ ಕಚ್ಚು ಬಲಕ್ಕೇ ಇರ್ತಿತ್ತು," ಅಂದ ಗ್ರಿಪ್. "ಯಾಕೆಂದರೆ ಕಾಗದದ ಮೇಲೆ ಮುಂಭಾಗ ಯಾವುದು ಅಂತ ಬರೆದಿದೆ. ಬನ್ನಿನ ಮೇಲೆ ಬರೆದಿಲ್ಲ! ಎದುರು ಕೂತವನು ತನಗೆ ಕಂಡದ್ದೇ ಮುಂಭಾಗ ಅಂದುಕೊಂಡ. ಹಾಗೇ ತುಲೂಸಿಗೆ ಹೋಗಿ ಗೀಚಿದ. ಗುಟ್ಟು ತಿಜೋರಿಯಿಂದ ಹೋಗಿಲ್ಲ, ಬೆರ್ಟಿಲ್. ಈ ಮೇಜಿನಿಂದ ಹೋಗಿದೆ. ಮಾರಬೇಕು ಅಂತ ತೂವಾ ಹೊರಟಿದ್ದರೆ ತಲೆಕೆಳಗಾದ ಸರಕು ಮಾರ್ತಿದ್ದಳಾ?"

"ಆದರೂ ಎಲ್ಲರ ಮುಂದೆ ಹೇಳಿದ್ದು ತಪ್ಪಲ್ವಾ?"

"ಆ ತಪ್ಪಿಗೆ ಕಾರ್ಡು ಕಿತ್ತುಕೊಳ್ಳೋದಾದರೆ ಈ ಕೋಣೆಯಲ್ಲಿರೋ ಎಲ್ಲರದ್ದೂ ಕಿತ್ತುಕೊಳ್ಳಬೇಕು. ಮೊದಲು ನಿನ್ನದು. ಈಗ ಬಳೆ ಯಾವ ಲೋಹದ್ದು ಅಂತ ಬಿಡಿಸಿ ಕೇಳಿದವನು ಯಾರು?"

ಬೆರ್ಟಿಲ್ ತೂವಾಳನ್ನು ನೋಡಿದ. ಕೆಂಪಾದ. ನಮ್ಮವರಿಗೆ ಕ್ಷಮೆ ಕೇಳುವುದು ಬರುವುದಿಲ್ಲ. ಅದರ ಬದಲು ತಿನ್ನಲು ಕೊಡುತ್ತೇವೆ. ಅವನು ಕೇಕಿನ ಮೇಲಿದ್ದ ಗುಲಾಬಿಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದ.

"ನಾಳೆ ಬಾ," ಅಂದ. "ಯಾವಾಗಿನ ಹಾಗೆ."

ತೂವಾ ಗುಲಾಬಿಯನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ತುಂಬಿತ್ತು, ಬಾಯಿ ಕೂಡ.

"ಇನ್ನು ಉಳಿದದ್ದು ಒಂದೇ ಪ್ರಶ್ನೆ," ಅಂದ ಗ್ರಿಪ್. "ಈ ಎದುರು ಕುರ್ಚಿ ಯಾರದು?"

ಸಿಕ್ಸ್ಟೆನ್ ಮೆಲ್ಲಗೆ ಕೈ ಎತ್ತಿದ. "ನನ್ನದು."

ಎಲ್ಲರೂ ಅವನ ಕಡೆ ತಿರುಗಿದರು. ಅವನು ಹೆದರಲಿಲ್ಲ, ಸ್ವಲ್ಪ ನಾಚಿದ.

"ಆದರೆ ಅವತ್ತು ನಾನು ಕೂತಿರಲಿಲ್ಲಪ್ಪ. ಅಲ್ಲಿಂದ ಸರೋವರ ಕಾಣುತ್ತಲ್ಲ, ಅತಿಥಿ ಬಂದರೆ ಬಿಟ್ಟುಕೊಡ್ತೀನಿ. ಇವತ್ತೂ ಬಿಟ್ಟುಕೊಟ್ಟೆ."

"ಇವತ್ತು?"

"ಹೂಂ. ಅವತ್ತಿನವರೂ ಇವತ್ತಿನವರೂ ಒಬ್ಬರೇ. ಅವತ್ತೂ ಕೇಕು ತಂದಿದ್ದರು. ಇವತ್ತೂ ತಂದರು. ಬಣ್ಣದ ವಿಭಾಗದವರು ಅಲ್ವಾ ಅವರು? ಬೂದು ಸ್ವೆಟರು."

"ಬಣ್ಣದ ವಿಭಾಗದಲ್ಲಿ ಇರೋದು ನಾವಿಬ್ಬರೇ," ಅಂದರು ಆ ತುದಿಯಲ್ಲಿದ್ದ ಇಬ್ಬರು ಹೆಂಗಸರು ಒಟ್ಟಿಗೇ.

ನನ್ನ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು. "ಗ್ರಿಪ್, ಅವರು ನಿನ್ನ ಸಹಾಯಕ ಅಲ್ವಾ?"

"ನನಗೆ ಸಹಾಯಕ ಇದ್ದಿದ್ದರೆ ನಾನು ನಿನ್ನ ಜೊತೆ ಯಾಕೆ ಓಡಾಡ್ತಿದ್ದೆ? ನಾನು ಅವರು ಕಾರ್ಮಿಕ ಸಂಘದವರು ಅಂದುಕೊಂಡೆ. ತೂವಾಳ ಪರವಾಗಿ ಬಂದವರು."

"ನಾನು ಅವರು ನನ್ನನ್ನ ಕಳಿಸೋಕೆ ಬಂದವರು ಅಂದುಕೊಂಡೆ," ಅಂದಳು ತೂವಾ. "ಅದಕ್ಕೇ ಮುಖ ನೋಡಲಿಲ್ಲ. ಅವತ್ತಂತೂ ನಾನು ಬನ್ನನ್ನೇ ನೋಡ್ತಿದ್ದೆ."

"ಯಾರೂ ಕೇಳಲಿಲ್ವಾ, ನೀವು ಯಾರು ಅಂತ?" ಗ್ರಿಪ್‌ನ ಧ್ವನಿ ಏರಿತು. "ಇಷ್ಟು ಜನರಲ್ಲಿ ಒಬ್ಬರೂ?"

ಸಿಕ್ಸ್ಟೆನ್‌ಗೆ ನಿಜಕ್ಕೂ ಬೇಜಾರಾಯಿತು. "ಕೇಕು ತಂದವರನ್ನ ನೀನ್ಯಾರು ಅಂತ ಕೇಳೋದಾ? ಚೆನ್ನಾಗಿರತ್ತಾ ಅದು?"

ಬಾತುಕೋಳಿ, ಬೀನ್ಸು, ಮದುವೆಯಲ್ಲೂ ಸಿಗದ ವೈನ್. ನಾನೂ ಗ್ರಿಪ್ಪೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎದುರು ಕುರ್ಚಿ ಖಾಲಿಯಿತ್ತು. ಗ್ರಿಪ್ ಅದರ ಮೇಲೆ ಅಂಗೈ ಇಟ್ಟ. "ಬೆಚ್ಚಗಿದೆ," ಅಂದ. ತೊಟ್ಟಿಯ ಪಕ್ಕದಲ್ಲಿ ತೊಳೆದ ಕಪ್ಪೊಂದು ಬೋರಲಾಗಿ ನೀರು ಸೋರಿಸುತ್ತಿತ್ತು. ಕೇಕು ತಂದಿದ್ದ ಡಬ್ಬ ಇರಲಿಲ್ಲ.

"ಬಳೆ ಎಷ್ಟು ದಪ್ಪ ಅಂತ ಮೊದಲು ಕೇಳಿದ್ದು ಯಾರು?" ಅಂತ ತೂವಾ ಮೆಲ್ಲಗೆ ಕೇಳಿದಳು. ಎಲ್ಲರೂ ಖಾಲಿ ಕುರ್ಚಿಯನ್ನೇ ನೋಡಿದರು.

ಅವಳು ಮೇಜಿನ ಮೇಲೆ ಕಣ್ಣು ಹಾಯಿಸಿದಳು. ಗ್ರಿಪ್ ನಮಗೆಲ್ಲ ಎಡ ಬಲ ಪಾಠ ಹೇಳಿ, ನಾವು ಸಿಕ್ಸ್ಟೆನ್ ಕಡೆ ತಿರುಗಿಕೊಂಡಿದ್ದ ಆ ಹೊತ್ತಿನಲ್ಲಿ, ಅವಳ ಮುಂದಿನ ತಟ್ಟೆ ಬರಿದಾಗಿತ್ತು. ಬನ್ನು, ಚಮಚ, ಸಕ್ಕರೆ, ಕಿತ್ತಳೆ ಸಿಪ್ಪೆಯ ಬಳೆ, ಎಲ್ಲ ಮಾಯ. ಈ ಸಲ ಬೂದು ಸ್ವೆಟರಿನವನು ನೆನಪನ್ನು ನಂಬಿರಲಿಲ್ಲ.

"ನನ್ನ ಕೊಕ್ಕೆ," ಅಂದಳು.

"ಓಡಬೇಡಿ!" ಅಂತ ಕೂಗಿದ ಗ್ರಿಪ್, ಯಾರೂ ಓಡದಿದ್ದರೂ. "ಕಾರ್ಡಿಲ್ಲದೆ ಯಾರೂ ಈ ಗೇಟು ದಾಟೋಕಾಗಲ್ಲ. ಅವನು ಕಟ್ಟಡದಲ್ಲೇ ಇದ್ದಾನೆ. ಅಲ್ಲ, ಮೊದಲು ಅವನು ಕಾರ್ಡಿಲ್ಲದೆ ಒಳಗೆ ಬಂದದ್ದು ಹೇಗೆ?"

ಬೆರ್ಟಿಲ್ ಕಾಲರಿನ ಗುಂಡಿ ಬಿಚ್ಚಿಕೊಂಡ.

"ಬೆಳಿಗ್ಗೆ, ತೂವಾಳ ಕಾರ್ಡು ತಗೊಂಡ ಮೇಲೆ, ಗೇಟಿನ ಕಡೆ ಹೋಗಿದ್ದೆ. ಬಾಗಿಲು ನಾನೇ ಹಿಡಿದುಕೊಂಡೆ," ಅಂದ. "ಅವರ ಎರಡೂ ಕೈಯಲ್ಲಿ ಕೇಕಿತ್ತು. ಬಾಗಿಲು ಕಿರಿದು. ನನ್ನನ್ನ ಒರಸಿಕೊಂಡೇ ಒಳಗೆ ಹೋದರು, ಥ್ಯಾಂಕ್ಸ್ ಅಂದರು. ಮುಖ್ಯ ಕಚೇರಿಯವರು ಇರಬೇಕು ಅಂದುಕೊಂಡೆ."

ಗ್ರಿಪ್ ಗೇಟಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲಿ ಅಂತ ಧ್ವನಿ ಜೋರು ಮಾಡಿದ.

"ಬೂದು ಸ್ವೆಟರಿನವರಾ?" ಅಂದ ಗೇಟಿನ ಕಾವಲುಗಾರ, ಉಲ್ಲಾಸದ ಧ್ವನಿಯಲ್ಲಿ. "ಈಗ ತಾನೇ ಹೋದರಲ್ಲ. ನನಗೂ ಒಂದು ತುಂಡು ಕೇಕು ಕೊಟ್ಟರು. ಒಳ್ಳೆ ಮನುಷ್ಯ."

"ಅವನನ್ನ ಹೊರಗೆ ಹೇಗೆ ಬಿಟ್ಟೆ? ಅವನ ಹತ್ತಿರ ಕಾರ್ಡಿಲ್ಲ!"

"ಇತ್ತಲ್ಲ. ಕಾರ್ಡು ಒತ್ತಿದರು, ಹಸಿರು ದೀಪ ಬಂತು, ಹೋದರು. ಇಲ್ಲಿ ಪರದೆ ಮೇಲೆ ಹೆಸರೂ ಇದೆ, ನೋಡಿ." ಕಾವಲುಗಾರ ಓದಲು ಸ್ವಲ್ಪ ಹೊತ್ತು ತೆಗೆದುಕೊಂಡ. ಅವನ ಬಾಯಲ್ಲೂ ಕೇಕಿತ್ತು. "ತೂವಾ ಹೆಡಿನ್."

ತೂವಾಳ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಅಲ್ಲಿ ದಾರ ಇರಲಿಲ್ಲ. ಬೆಳಿಗ್ಗೆಯಿಂದಲೂ ಇರಲಿಲ್ಲ. ಆ ಕಾರ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು ನಾನು, ಗ್ರಿಪ್, ಅವಳು, ಮೂವರೂ ಕಣ್ಣಾರೆ ಕಂಡಿದ್ದೆವು.

ಎಲ್ಲರೂ ಬೆರ್ಟಿಲ್ ಕಡೆ ತಿರುಗಿದೆವು.

"ಇಲ್ಲೇ ಇದೆ," ಅಂದ ಬೆರ್ಟಿಲ್. "ನನ್ನ ಹತ್ತಿರವೇ ಇದೆ. ಇಡೀ ಬೆಳಿಗ್ಗೆ ಇಲ್ಲೇ ಇತ್ತು." ಜೇಬನ್ನು ಮೇಲಿನಿಂದ ತಟ್ಟಿದ. ಏನೋ ಗಟ್ಟಿಯಾದದ್ದು ಸದ್ದು ಮಾಡಿತು. ಅವನ ಮುಖಕ್ಕೆ ಕಳೆ ಬಂತು.

ಅವನು ಜೇಬಿಗೆ ಕೈ ಹಾಕಿ ಅದನ್ನು ಹೊರಗೆ ತೆಗೆದು, ನಮ್ಮೆಲ್ಲರ ಕಣ್ಣ ಮುಂದೆ ಎತ್ತಿ ಹಿಡಿದ.

ಅದು ಕೇಕು ತಿನ್ನುವ ಪುಟ್ಟ ಫೋರ್ಕು. ನೀಟಾಗಿ ತೊಳೆದಿತ್ತು.